ಗ್ಯಾಸ್‌ಲೈಟಿನ ಮ್ಯಾಂಟಲ್ ಒಡೆದವರು ಯಾರು

ಇನ್ವರ್ಟರ್ ಬೇಡ ಎಂದವನು ನಾನೇ. ಆ ವರ್ಷಗಳಲ್ಲಿ ಡೊಂಬಿವಲಿಯಲ್ಲಿ ದಿನಕ್ಕೆ ಮೂರು ತಾಸು, ಕೆಲವು ವಾರ ನಾಲ್ಕು ತಾಸು ಲೋಡ್ ಶೆಡ್ಡಿಂಗ್. ಮುಂಬೈ ದಾಟಿ ನಮ್ಮ ಕಡೆ ಬರುವ ಹೊತ್ತಿಗೆ ಕರೆಂಟಿಗೂ ಲೋಕಲ್ ರೈಲಿನಲ್ಲಿ ನಿಲ್ಲಲು ಜಾಗ ಸಿಗುತ್ತಿರಲಿಲ್ಲವೇನೋ. ನಮ್ಮ ಬಿಲ್ಡಿಂಗಿನಲ್ಲಿ ಒಂದೊಂದೇ ಮನೆಗೆ ಇನ್ವರ್ಟರ್ ಬಂತು. ನನಗೆ ಮಾತ್ರ ಅದರ ಬ್ಯಾಟರಿಯ ಮೇಲೆ ನಂಬಿಕೆ ಬರಲಿಲ್ಲ. ಒಳಗೆ ಆಸಿಡ್ ಇದೆ, ಅದು ಕುದಿಯುತ್ತದೆ, ಆವಿಯಾಗುತ್ತದೆ, ನಾವು ಊಟಕ್ಕೆ ಕೂತಾಗ ಸದ್ದಿಲ್ಲದೆ ಸೋರುತ್ತದೆ ಎಂದು ಹೆಂಡತಿಗೆ ವಿವರಿಸಿದೆ. ಪಕ್ಕದ ರಸ್ತೆಯಲ್ಲಿ ಒಂದು ಬ್ಯಾಟರಿ ಸಿಡಿದಿತ್ತು ಎಂದೂ ಹೇಳಿದೆ. ಸಿಡಿದದ್ದು ಬಹುಶಃ ಪಟಾಕಿ. ಆಗ ದೀಪಾವಳಿ ಬೇರೆ ಹತ್ತಿರವಿತ್ತು.

ಆದರೆ ಬೆಳಕು ಬೇಕೇ ಬೇಕಿತ್ತು. ನನ್ನ ಹೆಂಡತಿ ಸಂಜೆ ಏಳೂವರೆಗೆ ಒಂಬತ್ತನೇ ಕ್ಲಾಸಿನ ಏಳು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಲೈಟು ಹೋಗುತ್ತಿದ್ದದ್ದು ಆರೂವರೆಗೆ, ಬರುತ್ತಿದ್ದದ್ದು ಒಂಬತ್ತೂವರೆಗೆ. ಮೇಣದಬತ್ತಿಯಲ್ಲಿ ರೇಖಾಗಣಿತ ಮಾಡಿಸಿದರೆ ಮಕ್ಕಳು ತ್ರಿಕೋನಕ್ಕೆ ನಾಲ್ಕು ಮೂಲೆ ಬರೆಯುತ್ತಿದ್ದವು. ಹಾಗಾಗಿ ಒಂದು ಭಾನುವಾರ ಪಕ್ಕದ ಊರು ಕಲ್ಯಾಣಕ್ಕೆ ಹೋಗಿ, ಹಿಂದೆ ಮದುವೆ ಮೆರವಣಿಗೆಗಳಿಗೆ ದೀಪ ಬಾಡಿಗೆ ಕೊಡುತ್ತಿದ್ದ ಒಂದು ಹಳೆಯ ಅಂಗಡಿಯಿಂದ ಹಿತ್ತಾಳೆ ಟ್ಯಾಂಕಿನ ಗ್ಯಾಸ್‌ಲೈಟು ಕೊಂಡು ತಂದೆ. ಸೀಮೆಎಣ್ಣೆ ಹಾಕಿ, ಪಂಪು ಹೊಡೆದು ಉರಿಸುವ ದೀಪ. ಚಿಕ್ಕವನಿದ್ದಾಗ ಇಂಥದ್ದನ್ನು ತಲೆಯ ಮೇಲೆ ಹೊತ್ತವರ ಹಿಂದೆ ನಡೆದಿದ್ದೆ. ಮನೆಯೊಳಗೆ ನೋಡಿದ್ದು ಇದೇ ಮೊದಲು.

"ಆಸಿಡ್‌ಗೆ ಹೆದರಿ ಬೆಂಕೀನೇ ತಂದ್ರಲ್ರೀ," ಎಂದಳು ಹೆಂಡತಿ.

ಅಂಗಡಿಯ ಮುದುಕ ನನಗೆ ಒಂದು ಗಂಟೆ ಪಾಠ ಮಾಡಿದ್ದ. ಮ್ಯಾಂಟಲ್ ಎಂದರೆ ಬೆರಳಿನಷ್ಟು ಉದ್ದದ ಬಟ್ಟೆಯ ಚೀಲ. ಗೊಂಬೆಗೆ ಹೊಲಿದ ಕಾಲುಚೀಲದ ಹಾಗೆ ಇರುತ್ತದೆ. ಅದನ್ನು ದೀಪದೊಳಗೆ ಕಟ್ಟಿ ಒಮ್ಮೆ ಸುಟ್ಟರೆ ಬಟ್ಟೆಯೆಲ್ಲ ಹೋಗಿ ಬರೀ ಬೂದಿಯ ಆಕಾರ ಉಳಿಯುತ್ತದೆ. ಬೆಳಕು ಕೊಡುವುದು ಆ ಬೂದಿ. "ಸಾಬ್, ಜಲನೇ ಕೆ ಬಾದ್ ಯೇ ರಾಖ್ ಹೈ. ಹಾತ್ ನಹೀ ಲಗಾನೇ ಕಾ," ಎಂದು ಆತ ಮೂರು ಸಲ ಹೇಳಿದ. ಉರಿದ ಮೇಲೆ ಇದು ಬೂದಿ, ಕೈ ತಾಗಿಸಬಾರದು. ನಾನು ಮೂರು ಸಲವೂ ತಲೆಯಾಡಿಸಿದೆ. ಆ ಮಾತನ್ನು ಅಕ್ಷರಶಃ ಪಾಲಿಸಿದೆ ಎಂಬುದೇ ಮುಂದಿನ ಅನಾಹುತಕ್ಕೆಲ್ಲ ಮೂಲ.

ಮನೆಯಲ್ಲಿ ಕಾನೂನು ಮಾಡಿದೆ. ದೀಪ ಹಚ್ಚುವುದು ನಾನು, ಆರಿಸುವುದು ನಾನು. ಠಾಣೆಯ ಆಫೀಸಿನಿಂದ ನಾನು ಏಳೂಕಾಲಿಗೆ ಮನೆ ಮುಟ್ಟುವವರೆಗೆ ಯಾರೂ ಅದರ ಹತ್ತಿರ ಸುಳಿಯಬಾರದು. ಹೆಂಡತಿ ಹಳೆಯ ತಲೆದಿಂಬಿನ ಕವರನ್ನು ಅದಕ್ಕೆ ಮುಸುಕಾಗಿ ಹಾಕಿ ಅಡುಗೆಮನೆಯ ಕಟ್ಟೆಯ ಮೂಲೆಯಲ್ಲಿಟ್ಟಳು. ದೂರದಿಂದ ನೋಡಿದರೆ ಯಾರೋ ಮುನಿಸಿಕೊಂಡು ಕೂತ ಹಾಗೆ ಕಾಣುತ್ತಿತ್ತು.

ಮೊದಲ ಸಂಜೆ ಅದು ಹೊತ್ತಿಕೊಂಡಾಗ ಮಕ್ಕಳು ಚಪ್ಪಾಳೆ ತಟ್ಟಿದವು. ಬುಸ್ಸೆನ್ನುವ ಸದ್ದು, ಹಾಲಿನಂಥ ಬೆಳಕು, ಗೋಡೆಯ ಮೇಲಿನ ಸುಣ್ಣದ ಬಿರುಕುಗಳೆಲ್ಲ ಎಣಿಸುವಷ್ಟು ಸ್ಪಷ್ಟ. ನನಗೆ ಹೆಮ್ಮೆಯಾಯಿತು, ಬಿರುಕಿನ ಬಗ್ಗೆ ಹೊಸ ಚಿಂತೆಯೂ ಶುರುವಾಯಿತು. ಎರಡನೆಯ ಸಂಜೆ ಮುಸುಕು ತೆಗೆದರೆ ಗಾಜಿನ ತಳದಲ್ಲಿ ಬಿಳಿ ಪುಡಿ. ಮ್ಯಾಂಟಲ್ ಒಡೆದಿತ್ತು.

ಒಂದು ಸಲ ಒಡೆದರೆ ಸಹಜ. ಹೊಸದು ಕಟ್ಟಿದೆ. ಒಂದು ದಿನ ಬಿಟ್ಟು ಅದೂ ಒಡೆದಿತ್ತು. ಸ್ಟೇಷನ್ ಹೊರಗಿನ ಅಂಗಡಿಯಲ್ಲಿ ಮ್ಯಾಂಟಲಿನ ಪೊಟ್ಟಣ ಕೇಳಿದಾಗ ಅಂಗಡಿಯವನು, "ಮೀನು ಮಾರ್ತೀರಾ ಸಾಬ್?" ಎಂದು ಹಿಂದಿಯಲ್ಲಿ ಕೇಳಿದ. ಆ ಹೊತ್ತಿಗೆ ಇಷ್ಟು ಮ್ಯಾಂಟಲ್ ಬೇಕಾಗುತ್ತಿದ್ದದ್ದು ರಸ್ತೆ ಬದಿಯ ಮೀನಿನವರಿಗೆ ಮಾತ್ರ. ಅವರದ್ದೂ ವಾರಗಟ್ಟಲೆ ಬಾಳುತ್ತದಂತೆ, ಗಾಳಿಯಲ್ಲಿ, ನೂಕುನುಗ್ಗಲಿನಲ್ಲಿ. ನನ್ನದು ಮುಸುಕಿನೊಳಗೆ, ಬಾಗಿಲು ಹಾಕಿದ ಮನೆಯಲ್ಲಿ ಒಡೆಯುತ್ತದೆ ಎಂದರೆ?

ನಾನು ಕೆಲಸ ಮಾಡುತ್ತಿದ್ದದ್ದು ಒಂದು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ. ನಿಜವಾಗಿ ಸುಟ್ಟ ಅಂಗಡಿಯನ್ನೂ ಯಾಕೆ ಸುಟ್ಟಿತು ಎಂದು ಕೇಳುವುದೇ ನನ್ನ ಉದ್ಯೋಗ. ಹಗಲಿಡೀ ಅದನ್ನೇ ಮಾಡಿ ಮನೆಗೆ ಬಂದ ಮೇಲೆ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಡಲು ಆಗುವುದಿಲ್ಲ.

ಹಗಲು ಮನೆಗೆ ಬರುತ್ತಿದ್ದ ಹೊರಗಿನವರು ಒಬ್ಬರೇ. ಪಾತ್ರೆ-ನೆಲ ಮಾಡುವ ರಾಯಚೂರಿನಾಕೆ. ನಮ್ಮ ಬಿಲ್ಡಿಂಗಿನಲ್ಲೇ ನಾಲ್ಕು ಮನೆ ಮಾಡುತ್ತಿದ್ದಳು. ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲ, ಭಾನುವಾರ ಮಾತ್ರ ಮನೆಗೆ ಬರುವವನು. ನನ್ನ ಹೆಂಡತಿ ಮೈಸೂರಿನವಳು. ಕನ್ನಡ ಕೇಳಿದರೆ ಸಾಕು ಕರಗುವವಳು. ಬೆಳಿಗ್ಗೆ ಹತ್ತಕ್ಕೆ ಹೆಂಡತಿ ಒಂದು ಶಾಲೆಗೆ ಪಾಠಕ್ಕೆ ಹೋಗುತ್ತಿದ್ದುದರಿಂದ ನಮ್ಮ ಮನೆಯ ಒಂದು ಬೀಗದಕೈ ಆಕೆಯ ಬಳಿಯೇ ಇರುತ್ತಿತ್ತು. ನನ್ನನ್ನು ಆಕೆ "ಅಣ್ಣಾರ" ಎನ್ನುತ್ತಿದ್ದಳು.

ಇನ್ನೊಂದು ವಿಷಯವಿತ್ತು. ದೀಪದ ಎಣ್ಣೆ ಬರುತ್ತಿದ್ದದ್ದೇ ಆಕೆಯಿಂದ. ಗ್ಯಾಸ್ ಸಿಲಿಂಡರ್ ಇದ್ದ ನಮ್ಮ ರೇಷನ್ ಕಾರ್ಡಿಗೆ ಸೀಮೆಎಣ್ಣೆ ಇರಲಿಲ್ಲ. "ನಮ್ಮ ಪಾಲಿಂದ್ರಾಗ ಒಂದ್ ಬಾಟ್ಲಿ ಕೊಡ್ತೀನಿ ತಗೋರಿ ಅಕ್ಕಾರ, ನಾವಿಬ್ಬರ ಅದೀವಿ, ಎಷ್ಟ್ ಬೇಕು," ಎಂದು ಪ್ರತಿ ಶನಿವಾರ ನೀಲಿ ಸೀಮೆಎಣ್ಣೆಯ ಬಾಟಲಿ ತಂದಿಡುತ್ತಿದ್ದಳು. ಬೇರೆಯವರಾಗಿದ್ದರೆ ಕೃತಜ್ಞತೆಯಿಂದ ಕಣ್ಣು ತುಂಬಿಕೊಳ್ಳುತ್ತಿದ್ದರು. ನಾನು ಬಾಟಲಿ ಮೂಸುತ್ತಿದ್ದೆ. ನೀರು ಸೇರಿಸಿರಬಹುದೇ? ಎಂಐಡಿಸಿ ಕೈಗಾರಿಕಾ ಪ್ರದೇಶದ ಯಾವುದಾದರೂ ಕಾರ್ಖಾನೆಯ ದ್ರಾವಣ?

ಈಗ ನನಗೆ ಎಲ್ಲ ಹೊಳೆಯಿತು. ಆಕೆ ಶನಿವಾರ ಕೊಟ್ಟ ಎಣ್ಣೆಯನ್ನು ವಾರವಿಡೀ ಸ್ವಲ್ಪಸ್ವಲ್ಪವೇ ವಾಪಸ್ ಒಯ್ಯುತ್ತಿದ್ದಾಳೆ. ಟ್ಯಾಂಕಿನ ಎಣ್ಣೆ ಬಗ್ಗಿಸಬೇಕಾದರೆ ದೀಪವನ್ನು ಓರೆ ಮಾಡಬೇಕು. ಓರೆ ಮಾಡಿದರೆ ಮ್ಯಾಂಟಲ್ ಒಡೆಯುತ್ತದೆ. ಕ್ಲೇಮ್ ವಿಭಾಗದಲ್ಲಿ ಇಷ್ಟು ಚೊಕ್ಕವಾದ ಪ್ರಕರಣ ನನಗೆ ಹತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ.

ಸಾಕ್ಷಿ ಬೇಕಲ್ಲ. ನನಗೆ ಮೊದಲಿಂದಲೂ ಒಂದು ಅಭ್ಯಾಸ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ನೋಡುವುದು, ನಲ್ಲಿ ತಿರುಗಿಸಿ ನೋಡುವುದು, ಬಾಗಿಲಿನ ಚಿಲಕ ಎರಡು ಸಲ ಎಳೆದು ನೋಡುವುದು. ಗ್ಯಾಸ್‌ಲೈಟು ಬಂದ ಮರುದಿನದಿಂದಲೇ ಅದನ್ನೂ ಆ ಪಟ್ಟಿಗೆ ಸೇರಿಸಿದ್ದೆ. ಹೆಂಡತಿ ಸ್ನಾನಕ್ಕೆ ಹೋದಾಗ, ಮುಸುಕು ತೆಗೆಯದೆ ಹಿಡಿಕೆ ಹಿಡಿದೆತ್ತಿ, ಕಿವಿಯ ಹತ್ತಿರ ತಂದು ಅಲ್ಲಾಡಿಸಿ, ಎಣ್ಣೆಯ ಗುಳುಗುಳು ಕೇಳಿ ಮತ್ತೆ ಇಡುತ್ತಿದ್ದೆ. ಮೊದಲು ಸೋರಿಕೆ ಇಲ್ಲವೆಂದು ಖಾತ್ರಿಗೆ. ಈಗ ಕಳವಿನ ಪತ್ತೆಗೆ. ಅನುಮಾನ ಬಂದ ಮೇಲೆ ಇನ್ನೂ ಸ್ವಲ್ಪ ಜೋರಾಗಿಯೇ ಅಲ್ಲಾಡಿಸತೊಡಗಿದೆ. ಪ್ರತಿದಿನ ಸದ್ದು ಹಿಂದಿನ ದಿನಕ್ಕಿಂತ ತೆಳುವಾಗಿತ್ತು. ಹಿಂದಿನ ಸಂಜೆ ಎರಡು ತಾಸು ದೀಪ ಉರಿದಿದೆ ಎಂಬುದು ನನಗೆ ನೆನಪಾಗಲಿಲ್ಲ ಎಂದರೆ ನೀವು ನಂಬಬೇಕು.

ಒಂದು ದಿನ ಮುಸುಕಿನ ಬುಡಕ್ಕೆ ದಾರ ಸುತ್ತಿ ಗಂಟು ಹಾಕಿ ಹೋದೆ. ಸಂಜೆ ಬಂದು ನೋಡಿದರೆ ಗಂಟು ಹಾಕಿದ ಹಾಗೇ ಇದೆ, ಒಳಗೆ ಮ್ಯಾಂಟಲ್ ಪುಡಿಯಾಗಿದೆ. ಬೇರೆ ಯಾರಾದರೂ ಇಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ಗಂಟನ್ನು ಬೆಳಕಿಗೆ ಹಿಡಿದು, ನನ್ನದು ಎಡಗಂಟಲ್ಲವೇ, ಇದು ಬಲಗಂಟಿನ ಹಾಗಿದೆ, ಬಿಚ್ಚಿ ಮತ್ತೆ ಹಾಕಿದ್ದಾಳೆ, ಎಂಥ ಚಾಲಾಕಿ ಎಂದು ಒಳಗೊಳಗೇ ಮೆಚ್ಚಿದೆ.

ಹೆಂಡತಿಗೆ ಹೇಳಿದೆ. ಆಕೆ ಮಕ್ಕಳ ಪುಸ್ತಕದಿಂದ ತಲೆ ಎತ್ತಲಿಲ್ಲ.

"ತನ್ನ ಎಣ್ಣೇನ ತಾನೇ ಕೊಟ್ಟು ತಾನೇ ಕದೀತಾಳಾ? ಬುದ್ಧಿ ಇದೆಯಾ ನಿಮಗೆ?"

"ಅದೇ ನೋಡು. ಎಷ್ಟಿದೆ ಅಂತ ಸರಿಯಾಗಿ ಗೊತ್ತಿರೋದು ಅವಳೊಬ್ಬಳಿಗೇ."

"ಈ ಮಾತು ಮನೆಯಿಂದ ಹೊರಗೆ ಹೋಗ್ಬಾರ್ದು. ಅವಳು ನಾಲ್ಕು ಮನೆ ಬೀಗದಕೈ ಇಟ್ಕೊಂಡು ಬದುಕೋಳು."

ಹೊರಗೆ ಹೋಗಬಾರದು ಎಂದದ್ದು ಸರಿಯಾಗಿಯೇ ಕೇಳಿಸಿತ್ತು. ಆದರೆ ಮರುದಿನ ಮೆಟ್ಟಿಲಲ್ಲಿ ಸೊಸೈಟಿಯ ಸೆಕ್ರೆಟರಿ ಸಿಕ್ಕರು. ನಾಲ್ಕನೇ ಮಹಡಿಯವರು, ಇನ್ವರ್ಟರಿನವರು. "ಏನು, ದಿನಾ ಮ್ಯಾಂಟಲ್ ತರ್ತೀರಂತೆ?" ಎಂದು ಮರಾಠಿಯಲ್ಲಿ ನಕ್ಕರು. ನನ್ನ ದೀಪದ ಮಾನ ಕಾಪಾಡಬೇಕಿತ್ತು. ದೀಪದ ತಪ್ಪಲ್ಲ, ಮನೆಯಲ್ಲಿ ಯಾರೋ ಎಣ್ಣೆಗೆ ಕೈ ಹಾಕುತ್ತಿದ್ದಾರೆ ಎಂದೆ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಅವರ ಮನೆಯ ಪಾತ್ರೆ ತೊಳೆಯುತ್ತಿದ್ದವಳೂ ಆಕೆಯೇ. ಅವರ ನಗು ನಿಂತಿತು. "ಅಚ್ಛಾ," ಎಂದು ಮೇಲೆ ಹತ್ತಿದರು.

ಎರಡೇ ದಿನದಲ್ಲಿ ನಾಲ್ಕನೇ ಮಹಡಿಯವರು, ಮೂರನೆಯವರು, ಒಂದನೆಯವರು ಆಕೆಯಿಂದ ಬೀಗದಕೈ ವಾಪಸ್ ಕೇಳಿ, ಸೋಮವಾರದಿಂದ ಬರಬೇಡ ಎಂದರು. ಕಾರಣ ಯಾರೂ ಹೇಳಲಿಲ್ಲವಂತೆ. ಶನಿವಾರ ಸಂಜೆ, ನಾನು ದೀಪಕ್ಕೆ ಪಂಪು ಹೊಡೆಯುತ್ತಿದ್ದಾಗ ಆಕೆ ಬಾಗಿಲಲ್ಲಿ ನಿಂತಳು. ಕೈಯಲ್ಲಿ ನೀಲಿ ಎಣ್ಣೆಯ ಬಾಟಲಿಯೂ ಇತ್ತು, ನಮ್ಮ ಬೀಗದಕೈಯೂ ಇತ್ತು.

"ಅಕ್ಕಾರ, ಮೂರೂ ಮನೀ ಹೋದ್ವು. ಮ್ಯಾಲಿನವರ ಹುಡುಗಿ ಖರೇ ಮಾತು ಹೇಳಿದ್ಲು. ಎಣ್ಣಿ ಕದ್ದೀನಂತ. ಹೌದೇನ್ರಿ ಸಾಹೇಬ್ರ?"

ಅಣ್ಣಾರ ಹೋಗಿ ಸಾಹೇಬ್ರ ಆಗಿತ್ತು. ನಾನು ಪಂಪು ಹೊಡೆಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಉತ್ತರ ಕೊಡಬೇಕಾಗುತ್ತಿತ್ತು.

"ಹಾಗಲ್ಲಮ್ಮ. ಮ್ಯಾಂಟಲ್ ಒಡೀತಾ ಇದೆ. ಹಗಲು ಮನೇಲಿ ನೀನೊಬ್ಬಳೇ ಇರ್ತೀಯ."

"ಆ ದೀಪದ ಮುಸುಕು ಯಾವ ಬಣ್ಣದ್ದು ಕೇಳಿದ್ರ ಹೇಳ್ತೀನಿ. ಒಳಗೇನೈತಿ ಅಂತ ನಾ ಈವತ್ತಿನ ತನಾ ನೋಡಿಲ್ಲ. ಮುಟ್ಟಬ್ಯಾಡ ಅಂದಿದ್ರಿ, ಮುಟ್ಟಿಲ್ಲ." ಆಕೆ ಹೆಂಡತಿಯ ಕಡೆ ತಿರುಗಿದಳು. "ಇಲ್ಲಿ ಕಳ್ಳಿ ಅಂತ ಹೆಸರ ಬಿದ್ರ ಡೊಂಬಿವಲ್ಯಾಗ ನನಗ್ಯಾರು ಬಾಗಿಲಾ ತಗೀತಾರ್ರಿ? ಟಿಟ್ವಾಳಾಕ್ ಹೋದ್ರೂ ಮಾತು ನನ್ನ ಹಿಂದ ಬರತೈತಿ."

ಹೆಂಡತಿ ನನ್ನನ್ನು ನೋಡಿದ ರೀತಿಗೆ ಆ ದೀಪದ ಬೆಳಕೇ ಬೇಕಾಗಿರಲಿಲ್ಲ.

ಆಕೆ ಬೀಗದಕೈಯನ್ನು ಕಟ್ಟೆಯ ಮೇಲಿಟ್ಟಳು. "ಸೋಮವಾರ ನಾ ಬರಂಗಿಲ್ಲ. ನಾ ಬರದಾಗೂ ಅದು ಒಡದ್ರ ಏನಂತೀರಿ, ಅದನ್ನ ಹೇಳ್ರಿ."

"ಒಡೆಯಲ್ಲ," ಎಂದೆ. ಎಷ್ಟು ಖಚಿತವಾಗಿ ಹೇಳಿದೆನೆಂದರೆ, ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಭಾನುವಾರ ನಮ್ಮ ಮನೆಯಲ್ಲಿ ಕ್ಲಾಸಿಲ್ಲ, ಆಫೀಸಿಲ್ಲ, ಹೆಂಡತಿಯ ಕಡೆಯಿಂದ ಮಾತೂ ಇಲ್ಲ. ಸಂಜೆ ಹೊಸ ಮ್ಯಾಂಟಲ್ ಕಟ್ಟಿ ಸುಟ್ಟು, ಆರಿಸಿ, ಮುಸುಕು ಹಾಕಿದೆ. ಸೋಮವಾರ ಬೆಳಿಗ್ಗೆ ಎಂದಿನಂತೆ ಸಿಲಿಂಡರು, ನಲ್ಲಿ, ಗ್ಯಾಸ್‌ಲೈಟು, ಚಿಲಕ. ಆವತ್ತು ದೀಪವನ್ನು ಸ್ವಲ್ಪ ಹೆಚ್ಚೇ ಹೊತ್ತು ಅಲ್ಲಾಡಿಸಿದೆ. ಕಳವಿಲ್ಲದ ದಿನದ ಸದ್ದು ಹೇಗಿರುತ್ತದೆ ಎಂದು ಗುರುತಿಟ್ಟುಕೊಳ್ಳಬೇಕಿತ್ತು. ಹೆಂಡತಿ ಶಾಲೆಗೆ ರಜೆ ಹಾಕಿ ಹಗಲಿಡೀ ಮನೆಯಲ್ಲೇ ಇದ್ದಳು. ನನಗೆ ಅದು ತಿಳಿದಿರಲಿಲ್ಲ.

ಸಂಜೆ ಏಳೂಕಾಲಿಗೆ ಬಂದಾಗ ಏಳೂ ಮಕ್ಕಳು ಆಗಲೇ ಬಂದು, ಒಂದು ಮೇಣದಬತ್ತಿಯ ಸುತ್ತ ಕೂತಿದ್ದವು. ರಾಯಚೂರಿನಾಕೆ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲವಂತೆ. ನಾನು ಎಲ್ಲರೆದುರು ಮುಸುಕು ತೆಗೆದೆ.

ಬಿಳಿ ಪುಡಿ.

ಮೊದಲು ನನಗೆ ಬಂದ ಯೋಚನೆಯನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ನಾನು ಹೆಂಡತಿಯ ಕಡೆ ತಿರುಗಿ, "ನೀನೇನಾದ್ರೂ ಮುಟ್ಟಿದ್ಯಾ?" ಎಂದೆ.

"ನಾನು ಇವತ್ತು ಬೆಳಿಗ್ಗೆಯಿಂದ ಮನೇಲೇ ಇದ್ದೀನಿ. ಈ ಕಟ್ಟೆ ಹತ್ರ ಒಂದು ನೊಣಾನೂ ಬಂದಿಲ್ಲ. ನೀವು ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಲಿ? ಬೆಳಿಗ್ಗೆ ಹಿಡಿಕೆ ಹಿಡಿದು ಬರೀ ಅಲ್ಲಾಡಿಸಿ ನೋಡಿದೆ, ಅಷ್ಟೇ."

ಬಾಯಿಂದ ಮಾತು ಹೊರಬಿದ್ದ ಮೇಲೆ ಅದನ್ನು ನಾನೂ ಕೇಳಿಸಿಕೊಂಡೆ. ಮಕ್ಕಳಿಗೆ ಕನ್ನಡ ಬಾರದು. ಒಬ್ಬ ಹುಡುಗಿ ಮಾತ್ರ ಉಡುಪಿಯ ಕಡೆಯವರ ಮಗಳು, ಮನೆಯಲ್ಲಿ ಅಜ್ಜಿಯ ಮಾತು ಕೇಳಿ ಅರ್ಥಮಾಡಿಕೊಳ್ಳುವಷ್ಟು ಬರುತ್ತಿತ್ತು. ಅವಳು ಪಕ್ಕದವಳ ಕಿವಿಯಲ್ಲಿ ಮರಾಠಿಯಲ್ಲಿ ಏನೋ ಹೇಳಿದಳು. ಅದು ಏಳು ಕಿವಿ ದಾಟುವಷ್ಟರಲ್ಲಿ ಮೇಣದಬತ್ತಿ ನಗುವಿನ ಗಾಳಿಗೆ ಆರಿಹೋಯಿತು.

"ದಿನಾ ಅಲ್ಲಾಡಿಸ್ತಿದ್ರಾ?" ಹೆಂಡತಿಯ ದನಿ ಕತ್ತಲಲ್ಲಿ ಬಂತು.

"ಕೈ ತಾಗಿಸಬಾರ್ದು ಅಂದಿದ್ದ. ನಾನು ಮ್ಯಾಂಟಲ್‌ಗೆ ಕೈ ತಾಗಿಸೇ ಇಲ್ಲ."

ಮೆಟ್ಟಿಲಿನ ಕಡೆಯಿಂದ ರಾಯಚೂರಿನಾಕೆ ಎದ್ದ ಬಳೆಯ ಸದ್ದಾಯಿತು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಸುಲಭವಾಗುತ್ತಿತ್ತು.

"ಹೊಸಾದು ಕಟ್ರಿ ಸಾಹೇಬ್ರ. ದೀಪಾ ಹಚ್ರಿ. ಮ್ಯಾಲ, ಕೆಳಗ ಹೋಗೋದೈತಿ."

"ಎಲ್ಲಿಗೆ?"

"ಮೂರೂ ಮನೀಗಿ. ಈ ಮಾತನ್ನ ಅಲ್ಲಿ ಹೇಳ್ರಿ. ಕತ್ತಲಾಗ ಹೇಳಿದ್ರ ಯಾರು ಹೇಳಿದ್ರು ಅಂತ ಅವರಿಗಿ ಕಾಣೂದು ಬ್ಯಾಡೇನು?"

ಮಕ್ಕಳಿಗೆ ಆವತ್ತು ಕ್ಲಾಸು ಅರ್ಧ ಗಂಟೆ ತಡ ಎಂದು ಹೆಂಡತಿಯೇ ಸಾರಿದಳು. ನಾನು ಮ್ಯಾಂಟಲ್ ಕಟ್ಟಿ, ಹಚ್ಚಿ, ದೀಪ ಎತ್ತಿಕೊಳ್ಳಲು ಹೋದೆ. ಆಕೆ ಒಂದು ಕ್ಷಣ ನನ್ನ ಕೈಯನ್ನು ನೋಡಿ, "ನೀವು ಬಿಡ್ರಿ," ಎಂದು ಹಿಡಿಕೆಯನ್ನು ತಾನೇ ತೆಗೆದುಕೊಂಡಳು. ಜೀವನದಲ್ಲಿ ಮೊದಲ ಸಲ ಆ ದೀಪವನ್ನು ಮುಟ್ಟಿದ್ದು ಆಕೆ ಆಗಲೇ. ನೀರಿನ ಕೊಡ ಹೊತ್ತು ಅಭ್ಯಾಸವಾದ ನಡಿಗೆ. ನಾಲ್ಕನೇ ಮಹಡಿ ಮುಟ್ಟಿದರೂ ಮ್ಯಾಂಟಲ್ ಅಲುಗಲಿಲ್ಲ. ಗೋಡೆಯ ಮೇಲೆ ನನ್ನ ನೆರಳು ಮಾತ್ರ ಮೆಟ್ಟಿಲು ಮೆಟ್ಟಿಲಿಗೂ ಮುಗ್ಗರಿಸುತ್ತಿತ್ತು.

ಸೆಕ್ರೆಟರಿಯವರು ಇನ್ವರ್ಟರ್ ಬೆಳಕಿನಲ್ಲಿ ಬಾಗಿಲು ತೆಗೆದು, ಗ್ಯಾಸ್‌ಲೈಟಿನ ಬೆಳಕಿಗೆ ಕಣ್ಣು ಕಿರಿದು ಮಾಡಿದರು. ನನ್ನ ಮರಾಠಿ ಸ್ಟೇಷನ್ನು ಮತ್ತು ತರಕಾರಿಗೆ ಸಾಲುವಷ್ಟು. ತಪ್ಪೊಪ್ಪಿಗೆಗೆ ಬೇಕಾದ ಕ್ರಿಯಾಪದಗಳು ಅದರಲ್ಲಿರಲಿಲ್ಲ. "ಬಾಯೀಂಚೀ ಚೂಕ್ ನಾಹೀ. ಮಾಝೀ ಚೂಕ್," ಎಂದೆ. ಅವಳ ತಪ್ಪಲ್ಲ, ನನ್ನ ತಪ್ಪು.

"ಕಳವೂ ಆಗಿಲ್ಲ ಅಂತ ಹೇಳ್ರಿ," ಎಂದಳು ಆಕೆ ಪಕ್ಕದಿಂದ, ದೀಪ ಹಿಡಿದುಕೊಂಡೇ. "ಚೋರೀ ಝಾಲೀ ನಾಹೀ ಅನ್ರಿ."

"ಚೋರೀ ಝಾಲೀ ನಾಹೀ," ಎಂದೆ.

"ಹೆಂಗ ಒಡೀತು ಅದನ್ನೂ ಹೇಳ್ರಿ."

ಹೇಳಿದೆ. ಮಾತು ಸಿಗದ ಕಡೆ ಕೈಯಿಂದ ಅಲ್ಲಾಡಿಸಿ ತೋರಿಸಿದೆ. ಸೆಕ್ರೆಟರಿಯ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದರು. ಸೆಕ್ರೆಟರಿ ಮಾತ್ರ ನಗಲಿಲ್ಲ. ಒಳಗೆ ಹೋಗಿ ಬೀಗದಕೈ ತಂದು ಆಕೆಯ ಕೈಗೇ ಕೊಟ್ಟು, ನನಗೆ "ಇನ್ವರ್ಟರ್ ಘ್ಯಾ ಸಾಹೇಬ್," ಎಂದರು. ಇನ್ವರ್ಟರ್ ಕೊಳ್ಳಿ.

ಮೂರನೇ ಮಹಡಿಯಲ್ಲಿ ಎರಡನೆಯ ಪ್ರದರ್ಶನ. ಅಷ್ಟರಲ್ಲಿ ನನ್ನ ಮರಾಠಿ ಸುಧಾರಿಸಿತ್ತು. ಅವರೂ ಬಾ ಎಂದರು. ಒಂದನೆಯ ಮಹಡಿಯಲ್ಲಿ ಬಾಗಿಲು ತೆಗೆದದ್ದು ಬೇರೊಬ್ಬ ಹೆಂಗಸು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈಯಲ್ಲಿ ಸೋಪಿನ ನೊರೆ. ಆವತ್ತೇ ಬಂದಿದ್ದ ಹೊಸ ಕೆಲಸದಾಕೆ. ಮನೆಯವರು ಹಿಂದಿನಿಂದ ಇಣುಕಿ, ಕ್ಷಮಿಸಿ, ಈಗಾಗಲೇ ಮಾತಾಗಿದೆ ಎಂದರು. ನಾನು ಅಲ್ಲಿಯೂ ಪೂರ್ತಿ ಹೇಳಿದೆ, ಕೈ ಅಲ್ಲಾಡಿಸಿಯೇ ಹೇಳಿದೆ. ಅದರಿಂದ ಆ ಮನೆ ಆಕೆಗೆ ವಾಪಸ್ ಬರಲಿಲ್ಲ. ಎರಡನೇ ಮಹಡಿಯ ನಮ್ಮ ಬಾಗಿಲಿಗೆ ವಾಪಸ್ ಬಂದ ಮೇಲೆ, ಮತ್ತೊಂದು ಬಿಲ್ಡಿಂಗಿನಲ್ಲಿ ಮನೆ ಹುಡುಕಿಕೊಡುತ್ತೇನೆ ಎಂದೆ.

"ಬ್ಯಾಡ್ರಿ," ಎಂದಳು. "ನೀವು ಹೇಳಿದ ಮನೀ ನಂಗ ಬ್ಯಾಡ."

ಆ ನಾಲ್ಕನೇ ಮನೆ ಹುಡುಕಿಕೊಂಡದ್ದು ಆಕೆಯೇ, ಎರಡು ತಿಂಗಳು ತಡವಾಗಿ.

ನಮ್ಮ ಮನೆಯ ಕೆಲಸವನ್ನು ಆಕೆ ಬಿಡಲಿಲ್ಲ. ಅದು ನನ್ನ ಹೆಂಡತಿಯ ಮೇಲಿನ ವಿಶ್ವಾಸಕ್ಕೆ. ಆದರೆ ಬೀಗದಕೈ ಮತ್ತೆ ಮುಟ್ಟಲಿಲ್ಲ. ನಾನು ಆಫೀಸಿಗೆ ಹೊರಡುವ ಮುಂಚೆ ಬೆಳಿಗ್ಗೆ ಆರೂವರೆಗೇ ಬಂದು ಕೆಲಸ ಮುಗಿಸಿ, ಹೋಗುವಾಗ ನನ್ನೆದುರು ನಿಂತು ಕೈಚೀಲದ ಬಾಯಿ ಅಗಲಿಸುತ್ತಿದ್ದಳು. "ನೋಡ್ರಿ ಸಾಹೇಬ್ರ." ಒಳಗೆ ಒಂದು ಎಲೆಯಡಿಕೆ ಪೊಟ್ಟಣ, ಬಾಚಣಿಗೆ, ಒಂದು ಮಡಚಿದ ಪ್ಲಾಸ್ಟಿಕ್ ಕವರು. ಬೇಡಮ್ಮ ಎಂದರೆ ಹೋಗುತ್ತಿರಲಿಲ್ಲ. ನೋಡಿದೆ ಎಂದು ನಾನು ಬಾಯಿಬಿಟ್ಟು ಹೇಳಬೇಕು. ಹೆಂಡತಿ ಒಳಗಿನಿಂದ, "ಕೈ ಹಾಕಿ ನೋಡ್ರೀ, ಅಲ್ಲಾಡಿಸಿ ನೋಡ್ರೀ," ಎನ್ನುತ್ತಿದ್ದಳು.

ಶನಿವಾರದ ಬಾಟಲಿಯೂ ನಿಂತಿತು. "ನಮ್ಮ ಎಣ್ಣಿ ನಿಮಗ ಆಗಂಗಿಲ್ರಿ," ಎಂದಳು. ನಾನು ಸೀಮೆಎಣ್ಣೆಗಾಗಿ ಕಲ್ಯಾಣದವರೆಗೆ ಅಲೆದೆ. ಮ್ಯಾಂಟಲ್ ಮಾತ್ರ ಒಂದೇ ಒಂದು ಆರು ವಾರ ಬಾಳಿತು. ಬೆಳಿಗ್ಗೆ ಸಿಲಿಂಡರು, ನಲ್ಲಿ, ಚಿಲಕ ಮುಗಿಸಿ, ದೀಪದ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತು ಹೋಗುತ್ತಿದ್ದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಶನಿವಾರ ಆಕೆ ಕೆಲಸ ಮುಗಿಸಿ, ಚೀಲ ಅಗಲಿಸದೆ, ಬಾಗಿಲ ಹತ್ತಿರ ಏನನ್ನೋ ಇಟ್ಟಳು. "ಬರ್ತೀನ್ರಿ ಅಣ್ಣಾರ," ಎಂದು ಮೆಟ್ಟಿಲಿಳಿದಳು. ನೋಡಿದರೆ ನೀಲಿ ಎಣ್ಣೆಯ ಬಾಟಲಿ.

ಅಣ್ಣಾರ ಎಂದಳಲ್ಲ, ಯಾಕೆ? ಚೀಲ ತೋರಿಸಲಿಲ್ಲ, ಅದ್ಯಾಕೆ? ನಾಲ್ಕು ತಿಂಗಳು ಕೊಡದ ಎಣ್ಣೆ ಇವತ್ತೇ ಯಾಕೆ? ಬಾಟಲಿ ಎತ್ತಿಕೊಂಡೆ. ಹೆಂಡತಿ ಅಡುಗೆಮನೆಯಲ್ಲಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ಮೆಟ್ಟಿಲ ಕಡೆಗೆ ಬೆನ್ನು ಹಾಕಿ, ಮೆಲ್ಲಗೆ ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ತಂದೆ.

"ಮೂಸ್ರಿ, ಮೂಸ್ರಿ!" ಕೆಳಗಿನ ಮೆಟ್ಟಿಲ ತಿರುವಿನಿಂದ ದನಿ ಬಂತು. ಆಕೆ ಹೋಗಿರಲಿಲ್ಲ, ಕಾದು ನಿಂತಿದ್ದಳು. "ನೀರ್ ಹಾಕಿಲ್ರಿ ಅಣ್ಣಾರ!"